ಗುಂಪಿಗೆ ಎಷ್ಟು ಕಟ್ಟುಪಾಡು ಬೇಕು: ನಾಲ್ಕು ದಾರಿಗಳ ಹೋಲಿಕೆ

ತುಂಗಭದ್ರಾ ಎಡದಂಡೆಯ ಒಂದು ವಿತರಣಾ ಕಾಲುವೆಯ ರೈತರು, ರಾಯಚೂರಿನಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಯುವಕ ಯುವತಿಯರು, ಬಳ್ಳಾರಿಯ ಒಂದು ಬಡಾವಣೆಯ ನಿವಾಸಿಗಳು: ಈ ಮೂರೂ ಬಗೆಯ ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪುಗಳನ್ನು ನಡೆಸುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಗುಂಪು ಬೆಳೆದಿದೆ, ಮಾತು ಹದ್ದು ಮೀರುತ್ತಿದೆ, ಏನಾದರೊಂದು ಕಟ್ಟುಪಾಡು ಬೇಕು ಎಂಬಲ್ಲಿಯವರೆಗೆ ಎಲ್ಲರಿಗೂ ಒಪ್ಪಿಗೆಯಿದೆ. ಆದರೆ ಎಲ್ಲವನ್ನೂ ಅಡ್ಮಿನ್ ವಿವೇಚನೆಗೇ ಬಿಡಬೇಕೋ, ನಾಲ್ಕೈದು ಸಾಲು ಬರೆದು ಹಾಕಬೇಕೋ, ಸಹಕಾರ ಸಂಘದ ಬೈಲಾದಂತೆ ವಿವರವಾದ ನಿಯಮಾವಳಿ ರೂಪಿಸಬೇಕೋ, ಇಲ್ಲವೇ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪಿನ ಬಾಯಿಯನ್ನೇ ಕಟ್ಟಬೇಕೋ ಎಂಬಲ್ಲಿಗೆ ಬಂದಾಗ ತೀರ್ಮಾನವಾಗುವುದಿಲ್ಲ.

ಈ ಬರಹದಲ್ಲಿ ಆ ನಾಲ್ಕು ದಾರಿಗಳನ್ನು ಒಂದೊಂದಾಗಿ ತೂಗಿ ನೋಡಲಾಗಿದೆ. ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮೊದಲೇ ತಿಳಿಸುವುದು ಒಳ್ಳೆಯದು: ಕಡಿಮೆ ನಿಯಮಗಳಿರಲಿ, ಆದರೆ ಇರುವ ನಿಯಮವನ್ನು ಊರಿನ ದೊಡ್ಡವರಿಗೂ ನಿನ್ನೆ ಸೇರಿದ ಹುಡುಗನಿಗೂ ಒಂದೇ ರೀತಿ ಅನ್ವಯಿಸುವ ಶಕ್ತಿ ನಿಮಗಿರಲಿ.

ಮೊದಲು ಅಳತೆಗೋಲು

ಗುಂಪಿನಲ್ಲಿರುವವರು ಒಬ್ಬರನ್ನೊಬ್ಬರು ಎಷ್ಟರಮಟ್ಟಿಗೆ ಬಲ್ಲರು ಎಂಬುದು ಮೊದಲ ಅಳತೆ. ಒಂದೇ ಊರಿನ ಮೂವತ್ತು ನಲವತ್ತು ಜನರ ಗುಂಪಿನಲ್ಲಿ ಒರಟಾಗಿ ಮಾತಾಡಿದವನಿಗೆ ಮರುದಿನ ಚಹಾದಂಗಡಿಯಲ್ಲಿ ಎದುರಾಗಬೇಕಾದ ಮುಜುಗರವೇ ಕಟ್ಟುಪಾಡಾಗಿ ಕೆಲಸ ಮಾಡುತ್ತದೆ. ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ 1,024 ಜನರವರೆಗೆ, ಟೆಲಿಗ್ರಾಂ ಗುಂಪಿನಲ್ಲಿ 2 ಲಕ್ಷ ಜನರವರೆಗೆ ಸೇರಲು ಅವಕಾಶವಿರುವುದರಿಂದ, ಆ ಮುಜುಗರ ಕೆಲಸಕ್ಕೆ ಬಾರದ ಹಂತ ಬೇಗನೆ ಬಂದುಬಿಡುತ್ತದೆ.

ತಪ್ಪು ಮಾತಿನಿಂದ ಆಗಬಹುದಾದ ನಷ್ಟ ಎಷ್ಟು ದೊಡ್ಡದು ಎಂಬುದು ಎರಡನೆಯದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಂಥ ಸಂದರ್ಭವನ್ನು ನೆನೆಯಿರಿ. ಕಂಪ್ಲಿ, ಸಿರುಗುಪ್ಪ, ಗಂಗಾವತಿ ತಾಲ್ಲೂಕುಗಳ ನದಿಪಾತ್ರದ ಊರುಗಳಲ್ಲಿ ಅಂಥ ರಾತ್ರಿ ಹರಿಯುವ ಒಂದು ಸುಳ್ಳು ಧ್ವನಿಸಂದೇಶಕ್ಕೂ, ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಬರುವ ಒಂದು ಹಳಸಲು ಚಟಾಕಿಗೂ ಒಂದೇ ಅಳತೆಯ ನಿಯಮ ಹೊಂದುವುದಿಲ್ಲ.

ಮೂರನೆಯದು ಬಜೆಟ್ಟು. ಈ ಗುಂಪುಗಳಿಗೆ ಹಣದ ಖರ್ಚಿಲ್ಲ. ಖರ್ಚಾಗುವುದು ಅಡ್ಮಿನ್‌ನ ಸಮಯ ಮತ್ತು ಅವರ ಸಂಬಂಧಗಳು. ನಾಟಿಯ ಹೊತ್ತಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಗದ್ದೆಯಲ್ಲಿರುವ ಅಡ್ಮಿನ್ ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೊಡಲಾರರು ಎಂದಾದರೆ, ದಿನಕ್ಕೆ ಎರಡು ಗಂಟೆ ಬೇಡುವ ನಿಯಮಾವಳಿಯನ್ನು ಬರೆದುಕೊಳ್ಳುವುದು ವ್ಯರ್ಥ. ಜೊತೆಗೆ ಸದಸ್ಯರ ಖರ್ಚನ್ನೂ ಲೆಕ್ಕ ಹಿಡಿಯಬೇಕು. ಶುಭೋದಯದ ಹೂವಿನ ಚಿತ್ರಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಆದರೆ ಕಡಿಮೆ ಬೆಲೆಯ ಫೋನಿನ ಮೆಮೊರಿ ಅವುಗಳಿಂದಲೇ ತುಂಬಿ, ನೀರು ಬಿಡುವ ವೇಳಾಪಟ್ಟಿಯ ಫೋಟೊ ಡೌನ್‌ಲೋಡ್ ಆಗದೆ ಉಳಿಯುವುದು ನಿಜವಾದ ನಷ್ಟ.

ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ನೀವು ಬರೆದ ಶಿಕ್ಷೆಯನ್ನು ಜಾರಿ ಮಾಡಲು ಆ್ಯಪ್‌ನಲ್ಲಿ ಅನುಕೂಲವಿದೆಯೇ? ವಾಟ್ಸ್‌ಆ್ಯಪ್‌ನಲ್ಲಿ ಅಡ್ಮಿನ್ ಬೇರೆಯವರ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸಬಹುದು, ಸದಸ್ಯರನ್ನು ತೆಗೆದುಹಾಕಬಹುದು, ಇಡೀ ಗುಂಪನ್ನು ಅಡ್ಮಿನ್‌ಗಳಿಗೆ ಮಾತ್ರ ಸೀಮಿತಗೊಳಿಸಬಹುದು; ಆದರೆ ಒಬ್ಬನೇ ಒಬ್ಬನನ್ನು ಒಂದು ವಾರ ಬರೆಯದಂತೆ ತಡೆಯುವ ಸೌಲಭ್ಯ ಅಲ್ಲಿಲ್ಲ. ಟೆಲಿಗ್ರಾಂನಲ್ಲಿ ಅದು ಇದೆ. ಅಲ್ಲದೆ ಒಬ್ಬರು ಒಂದು ಸಂದೇಶ ಹಾಕಿದ ಮೇಲೆ ಇನ್ನೊಂದನ್ನು ಹಾಕಲು ಕೆಲವು ಸೆಕೆಂಡಿನಿಂದ 1 ಗಂಟೆಯವರೆಗೆ ಕಾಯಬೇಕಾದ ನಿಧಾನಗತಿಯ ವ್ಯವಸ್ಥೆಯೂ ಅಲ್ಲಿದ್ದು, ಜಗಳ ಬಿಸಿಯೇರಿದಾಗ ಯಾರನ್ನೂ ಹೊರಹಾಕದೆ ತಣ್ಣಗಾಗಿಸಲು ಅದು ಬಹಳ ಉಪಯುಕ್ತ.

ಕೊನೆಯದು ಸಮಾನತೆ. ಇದೇ ಸಂದೇಶವನ್ನು ನಿಮ್ಮ ಸೋದರಮಾವನೋ, ಊರಿನ ಗೌಡರೋ, ಸೊಸೈಟಿಯ ಅಧ್ಯಕ್ಷರೋ ಹಾಕಿದ್ದರೆ ಅಳಿಸುತ್ತಿದ್ದಿರಾ ಎಂದು ಕೇಳಿಕೊಳ್ಳಿ. ನಮ್ಮ ಕಡೆಯ ಗುಂಪುಗಳು ಒಡೆಯುವುದು ಬೈಗುಳದಿಂದ ಅಲ್ಲ. ಒಬ್ಬನ ಬೈಗುಳ ಅಳಿಸಿ ಇನ್ನೊಬ್ಬರದನ್ನು ಉಳಿಸಿದ್ದರಿಂದ.

ಬರೆಯದ ಕಟ್ಟುಪಾಡು

ಯಾವ ನಿಯಮವನ್ನೂ ಬರೆಯದೆ, ಬೇಡವೆನಿಸಿದ್ದನ್ನು ಅಡ್ಮಿನ್ ಅಳಿಸುತ್ತಾ ಹೋಗುವುದು ಮೊದಲ ದಾರಿ. ಸಣ್ಣ, ಪರಿಚಿತರ ಗುಂಪಿಗೆ ಇದೇ ಸಾಕು; ಹತ್ತು ಮನೆಗಳ ಬೀದಿಯ ಗುಂಪಿಗೆ ನಿಯಮ ಬರೆಯಲು ಹೊರಡುವುದು ಇಲ್ಲದ ಜಗಳಕ್ಕೆ ಆಹ್ವಾನ ಕೊಟ್ಟಂತೆಯೇ ಸರಿ. ಸಮಯದ ಖರ್ಚು ಕಡಿಮೆ, ತಪ್ಪನ್ನು ಒಂದು ಫೋನ್ ಕರೆಯಲ್ಲಿ ತಿದ್ದಬಹುದು, ಯಾರ ಮಾನವೂ ಎಲ್ಲರೆದುರು ಹೋಗುವುದಿಲ್ಲ.

ಆದರೆ ಸಮಾನತೆಯ ಅಳತೆಯಲ್ಲಿ ಇದು ಮೊದಲು ಸೋಲುತ್ತದೆ. ಬರೆದ ನಿಯಮವಿಲ್ಲದಿದ್ದಾಗ ಪ್ರತಿಯೊಂದು ಅಳಿಸುವಿಕೆಯೂ ವೈಯಕ್ತಿಕವೆನಿಸುತ್ತದೆ, ಅದರ ಹಿಂದೆ ಜಾತಿ, ಪಕ್ಷ, ಓಣಿ ಹುಡುಕುವವರು ಇದ್ದೇ ಇರುತ್ತಾರೆ. ಬೇರೆ ಊರಿನವರು ಸೇರತೊಡಗಿದ ದಿನವೇ ಈ ದಾರಿಯನ್ನು ಬಿಡುವುದು ಲೇಸು.

ನಾಲ್ಕೈದು ಸಾಲಿನ ನಿಯಮ

ಹೆಚ್ಚಿನ ಗುಂಪುಗಳಿಗೆ ನಾನು ಸೂಚಿಸುವುದು ಈ ಎರಡನೆಯ ದಾರಿಯನ್ನು. ಫೋನಿನ ಪರದೆಯಲ್ಲಿ ಮೇಲೆ ಕೆಳಗೆ ಸರಿಸದೆ ಓದಿ ಮುಗಿಸಬಹುದಾದ ನಾಲ್ಕೈದು ಸಾಲುಗಳನ್ನು ಗುಂಪಿನ ವಿವರಣೆಯ ಜಾಗದಲ್ಲಿ ಬರೆಯುವುದು ಇದರ ತಿರುಳು. ವಾಟ್ಸ್‌ಆ್ಯಪ್‌ನಲ್ಲಿ ಪಿನ್ ಮಾಡಿದ, ಅಂದರೆ ಗುಂಪಿನ ಮೇಲ್ತುದಿಯಲ್ಲಿ ಅಂಟಿಸಿಟ್ಟ ಸಂದೇಶ ಹೆಚ್ಚೆಂದರೆ 30 ದಿನ ನಿಲ್ಲುತ್ತದೆ. ಒಮ್ಮೆ ಹಾಕಿ ಮರೆತ ನಿಯಮವು ನಂತರ ಸೇರಿದವರ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಪಿನ್‌ಗಿಂತ ವಿವರಣೆಯ ಜಾಗವೇ ನಂಬಲರ್ಹ.

ಏನು ಬರೆಯಬೇಕು ಎಂಬಲ್ಲಿ ಎರಡು ಪದ್ಧತಿಗಳಿವೆ. ಇಂಥ ವಿಷಯ ಮಾತಾಡಬಾರದು ಎಂದು ವಿಷಯಗಳನ್ನೇ ನಿಷೇಧಿಸುವುದು ಒಂದು. ಯಾವ ವಿಷಯವಾದರೂ ಸರಿ, ಹೀಗೆ ಮಾತಾಡಬೇಕು ಎಂದು ರೀತಿಯನ್ನು ನಿಗದಿ ಮಾಡುವುದು ಇನ್ನೊಂದು. ಮೊದಲನೆಯದು ಜಾರಿಗೆ ಸುಲಭ, ಕಣ್ಣಿಗೆ ಕಂಡೊಡನೆ ಅಳಿಸಬಹುದು. ಆದರೆ "ರಾಜಕೀಯ ಬೇಡ" ಎಂಬ ಒಂದು ಸಾಲು ಕಾಲುವೆಯ ರೈತರ ಗುಂಪಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಯೋಚಿಸಬೇಕು. ಮುನಿರಾಬಾದಿನಲ್ಲಿ ನಡೆಯುವ ನೀರಾವರಿ ಸಲಹಾ ಸಮಿತಿಯ ಸಭೆ ಎರಡನೇ ಬೆಳೆಗೆ ನೀರು ಕೊಡುವುದೋ ಇಲ್ಲವೋ ಎಂಬುದು, ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್ಟುಗಳಿಂದ ನೀರೆತ್ತುವವರ ಮೇಲೆ ಕ್ರಮವಾಗುವುದೋ ಇಲ್ಲವೋ ಎಂಬುದು, ಮಾನ್ವಿ ಸಿರವಾರ ಕಡೆಯ ಕೊನೆ ಭಾಗದ ಗದ್ದೆಗೆ ನೀರು ತಲುಪುವುದೋ ಇಲ್ಲವೋ ಎಂಬುದು ಎಲ್ಲವೂ ರಾಜಕೀಯವೇ. ಅವನ್ನು ಮಾತಾಡಬಾರದೆಂದರೆ ಗುಂಪು ಇರುವುದೇಕೆ? ಆ ನಿಷೇಧದಿಂದ ಲಾಭವಾಗುವುದು ನೀರು ಮೊದಲು ಸಿಗುವ ಮೇಲ್ಭಾಗದವರಿಗೆ, ಬಾಯಿ ಮುಚ್ಚುವುದು ಕೆಳಭಾಗದವರದು. ಇಂಥಲ್ಲಿ "ಪಕ್ಷದ ಪ್ರಚಾರದ ಪೋಸ್ಟರು, ವಿಡಿಯೊ ಬೇಡ, ನೀರಿನ ವಿಷಯದಲ್ಲಿ ಯಾವ ಅಧಿಕಾರಿಯನ್ನೂ ಯಾವ ಜನಪ್ರತಿನಿಧಿಯನ್ನೂ ಹೆಸರು ಹಿಡಿದು ಪ್ರಶ್ನಿಸಬಹುದು, ಅವರ ಮನೆಯವರನ್ನು ಎಳೆಯುವಂತಿಲ್ಲ" ಎಂಬಂಥ ರೀತಿಯ ನಿಯಮವೇ ಮೇಲು. ಬಡಾವಣೆಯ ಗುಂಪಿನಲ್ಲಾದರೆ ರಾಜಕೀಯವನ್ನು ಪೂರ್ತಿಯಾಗಿ ಹೊರಗಿಟ್ಟರೂ ನಷ್ಟವೇನಿಲ್ಲ. ಕಸದ ಗಾಡಿಯ ಸಮಯ, ಕರೆಂಟು, ನಲ್ಲಿ ನೀರು ಇವಿಷ್ಟೇ ಅದರ ಕೆಲಸ.

ಎರಡನೆಯ ಸಾಲು ಮಾಹಿತಿಯ ಬಗ್ಗೆ ಇರಬೇಕು, ಮತ್ತು ಅದು ನಿಮ್ಮ ಗುಂಪಿಗೇ ಹೊಲಿದಂತಿರಬೇಕು. "ಸುಳ್ಳು ಸುದ್ದಿ ಹಾಕಬೇಡಿ" ಎಂದರೆ ಯಾರೂ ತಮ್ಮದು ಸುಳ್ಳೆಂದು ಭಾವಿಸಿ ಹಾಕುವುದಿಲ್ಲವಾದ್ದರಿಂದ ಆ ಸಾಲಿಗೆ ಬೆಲೆಯಿಲ್ಲ. ಅದರ ಬದಲು "ಭತ್ತದ ದರ ಹಾಕುವವರು ತಳಿ, ಊರು, ತಾರೀಕು ಹಾಗೂ ಅದು ಕ್ವಿಂಟಲ್‌ನ ದರವೋ 75 ಕೆಜಿ ಚೀಲದ ದರವೋ ಎಂಬುದನ್ನು ಬರೆಯಬೇಕು" ಎಂದರೆ, ಕಾರಟಗಿ ಮಾರುಕಟ್ಟೆಯ ಚೀಲದ ದರವನ್ನು ಕ್ವಿಂಟಲ್ ದರವೆಂದು ತಿಳಿದು ವ್ಯಾಪಾರಿಯೊಡನೆ ಜಗಳವಾಡುವ ಪ್ರಸಂಗವೇ ತಪ್ಪುತ್ತದೆ. ಫಾರ್ವರ್ಡ್ ಬಗ್ಗೆಯೂ ಹೀಗೆಯೇ ನಿಖರವಾಗಿರಬಹುದು. ಹಲವು ಕೈ ದಾಟಿ ಬಂದ ಸಂದೇಶಕ್ಕೆ ವಾಟ್ಸ್‌ಆ್ಯಪ್ ಎರಡು ಬಾಣದ ಗುರುತು ಹಾಕುತ್ತದೆ, 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಸಾಧ್ಯ. "ಎರಡು ಬಾಣದ ಸಂದೇಶ ಈ ಗುಂಪಿಗೆ ಬೇಡ" ಎಂಬ ನಿಯಮವನ್ನು ಓದುಬರಹ ಕಡಿಮೆಯಿರುವವರೂ ಪಾಲಿಸಬಲ್ಲರು, ಅಡ್ಮಿನ್ ವಿಷಯದ ಸತ್ಯಾಸತ್ಯದ ವಾದಕ್ಕಿಳಿಯದೆ ಅಳಿಸಬಲ್ಲರು. ಒಳ್ಳೆಯ ಸಂದೇಶಗಳೂ ಕೆಲವು ಇದರಲ್ಲಿ ಹೋಗುತ್ತವೆ ಎಂಬುದು ನಿಜ; ಆ ನಷ್ಟವನ್ನು ಒಪ್ಪಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ.

ಹೆಣ್ಣುಮಕ್ಕಳಿರುವ ಗುಂಪಿಗೆ ಒಂದು ಸಾಲು ಕಡ್ಡಾಯವಾಗಿ ಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿಯೊಬ್ಬರ ನಂಬರೂ ಉಳಿದೆಲ್ಲರಿಗೆ ಕಾಣುತ್ತದೆ. ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದ ತಂಗಿಗೆ ರಾತ್ರಿ ಅಪರಿಚಿತ ನಂಬರುಗಳಿಂದ "ಹಾಯ್" ಬರತೊಡಗಿದರೆ ಅವಳು ದೂರು ಕೊಡುವುದಿಲ್ಲ, ಸುಮ್ಮನೆ ಗುಂಪು ಬಿಡುತ್ತಾಳೆ. "ಗುಂಪಿನಲ್ಲಿ ಅನುಮತಿ ಕೇಳದೆ ಯಾರಿಗೂ ಖಾಸಗಿ ಸಂದೇಶ ಕಳಿಸುವಂತಿಲ್ಲ" ಎಂದು ಬರೆದು, ದೂರು ಕೇಳಲು ಒಬ್ಬ ಮಹಿಳಾ ಅಡ್ಮಿನ್ ಇರುವುದು ಇದಕ್ಕೆ ಕನಿಷ್ಠ ಏರ್ಪಾಡು. ನಂಬರು ಮರೆಮಾಡುವ ಅವಕಾಶವಿರುವುದರಿಂದ ಪರೀಕ್ಷೆಗೆ ಓದುವವರ ಗುಂಪಿಗೆ ಟೆಲಿಗ್ರಾಂ ಹೆಚ್ಚು ಸೂಕ್ತ. ಆ ಗುಂಪುಗಳಿಗೆ ಇನ್ನೂ ಎರಡು ಮಾತು ಸೇರಿಸಬೇಕು: ಪ್ರಶ್ನೆಪತ್ರಿಕೆ ಸಿಗುತ್ತದೆ, ದುಡ್ಡು ಕೊಟ್ಟರೆ ಪೋಸ್ಟು ಖಾತ್ರಿ ಎನ್ನುವ ಲಿಂಕುಗಳಿಗೆ ಎಚ್ಚರಿಕೆಯಿಲ್ಲದೆ ಹೊರದಾರಿ, ಮಾರಾಟದಲ್ಲಿರುವ ಪುಸ್ತಕಗಳ ಪಿಡಿಎಫ್‌ಗೆ ಅವಕಾಶವಿಲ್ಲ. ಎರಡನೆಯದು ಬಡ ವಿದ್ಯಾರ್ಥಿಗಳಿಗೆ ಕಹಿಯಾಗಿ ಕಾಣಬಹುದು, ಆದರೆ ಹಕ್ಕುಸ್ವಾಮ್ಯದ ದೂರು ಬಂದರೆ ಮುಚ್ಚಿಹೋಗುವುದು ಇಡೀ ಗುಂಪು.

ಭಾಷೆಯನ್ನು ನಿಯಮಕ್ಕೆ ತರಬೇಡಿ ಎಂದು ನಾನು ಹೇಳುತ್ತೇನೆ. ರಾಯಚೂರು, ಬಳ್ಳಾರಿ ಕಡೆ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳಿವೆ. ಕನ್ನಡದಲ್ಲಿಯೇ ಬರೆಯಬೇಕೆಂಬ ನಿಯಮ ಕೆಲವರನ್ನು ಮೌನವಾಗಿ ಹೊರಗಿಡುತ್ತದೆ. ಬದಲಿಗೆ ನಿಯಮಗಳನ್ನೇ ಒಂದೊಂದು ನಿಮಿಷದ ಧ್ವನಿಸಂದೇಶವಾಗಿ ಆಯಾ ಮಾತಿನಲ್ಲಿ ಹೇಳಿಸಿ ಹಾಕಿದರೆ ಓದಲು ಬಾರದ ಹಿರಿಯರಿಗೂ ಅವು ತಲುಪುತ್ತವೆ.

ವಿವರವಾದ ನಿಯಮಾವಳಿ

ನೂರಾರು ಜನ, ಹಲವು ಊರು, ಹಣ ಅಥವಾ ನೀರಿನ ಹಿತಾಸಕ್ತಿ ಇರುವಲ್ಲಿ ನಾಲ್ಕು ಸಾಲು ಸಾಲದೆ ಬರಬಹುದು. ಆಗ ಯಾವ ತಪ್ಪಿಗೆ ಯಾವ ಕ್ರಮ, ಯಾರು ತೀರ್ಮಾನಿಸುತ್ತಾರೆ, ಒಪ್ಪದವರು ಯಾರಲ್ಲಿ ಕೇಳಬೇಕು ಎಂಬುದನ್ನೆಲ್ಲ ಬರೆದಿಡುವ ಮೂರನೆಯ ದಾರಿ ಇದೆ. ಇದರ ದೊಡ್ಡ ಲಾಭವೆಂದರೆ ಶಿಕ್ಷೆಯ ಮೆಟ್ಟಿಲುಗಳು. ನೀರಾವರಿ, ಹುಲ್ಲುಗಾವಲು, ಮೀನುಗಾರಿಕೆಯಂಥ ಹಂಚಿಕೊಂಡ ಸಂಪತ್ತನ್ನು ಜನರೇ ನೂರಾರು ವರ್ಷ ನಡೆಸಿಕೊಂಡು ಬಂದ ಉದಾಹರಣೆಗಳನ್ನು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಬಾಳಿದ ವ್ಯವಸ್ಥೆಗಳಲ್ಲಿ ಮೊದಲ ತಪ್ಪಿಗೆ ಸಣ್ಣ ಶಿಕ್ಷೆಯಿದ್ದು ಅದು ಹಂತಹಂತವಾಗಿ ಏರುತ್ತಿತ್ತು, ನಿಯಮ ಮಾಡುವುದರಲ್ಲಿ ಬಳಕೆದಾರರಿಗೇ ಪಾಲಿತ್ತು, ಜಗಳ ತೀರಿಸುವ ಜಾಗ ಹತ್ತಿರದಲ್ಲೇ ಇತ್ತು ಎಂಬುದನ್ನು ಗುರುತಿಸಿದರು. ಕಾಲುವೆಯ ನೀರಿಗೆ ಹೊಂದಿದ್ದು ಕಾಲುವೆಯವರ ಮಾತಿಗೂ ಹೊಂದುತ್ತದೆ.

ಮೊದಲ ಸಲ ಸಂದೇಶ ಅಳಿಸಿ ಖಾಸಗಿಯಾಗಿ ಕಾರಣ ತಿಳಿಸುವುದು, ಎರಡನೇ ಸಲ ಗುಂಪಿನಲ್ಲಿ ಎಚ್ಚರಿಕೆ, ಮೂರನೇ ಸಲ ಕೆಲಕಾಲ ಹೊರಗೆ, ಆಮೇಲೆ ಕಾಯಂ ಹೊರಗೆ ಎಂಬ ಏರಿಕೆ ಸಾಮಾನ್ಯವಾಗಿ ಸಾಕು. ಟೆಲಿಗ್ರಾಂನಲ್ಲಿ ಮೂರನೇ ಮೆಟ್ಟಿಲನ್ನು ಒಂದು ವಾರ ಬರೆಯದಂತೆ ತಡೆದು ಜಾರಿ ಮಾಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ತೆಗೆದುಹಾಕಿ ವಾರದ ನಂತರ ಮತ್ತೆ ಸೇರಿಸಬೇಕಾಗುತ್ತದೆ, ಮತ್ತು ತೆಗೆದುಹಾಕಿಸಿಕೊಂಡ ದೊಡ್ಡವರು ಮರಳಿ ಬರಲು ಒಪ್ಪುವುದು ಅಪರೂಪ. ಜಾತಿಯ ಹೆಸರಿನ ನಿಂದನೆ, ಅಶ್ಲೀಲ ಚಿತ್ರ, ಹೊಡೆತ ಬಡಿತದ ಬೆದರಿಕೆಗಳಿಗೆ ಮೆಟ್ಟಿಲುಗಳು ಬೇಡ, ನೇರವಾಗಿ ಹೊರಗೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಗೆ 1989ರ ಕಾಯ್ದೆಯಿದೆ, ಅಶ್ಲೀಲ ಪ್ರಸಾರಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಇದೆ. ಇವು ಗುಂಪಿನ ಒಳಗೇ ರಾಜಿ ಮಾಡುವ ವಿಷಯಗಳಲ್ಲ. ಅಳಿಸುವ ಮೊದಲು ತಾರೀಕು, ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡುವುದನ್ನು ನಿಯಮಾವಳಿಯಲ್ಲೇ ಸೇರಿಸಬೇಕು, ಏಕೆಂದರೆ ನೊಂದವರು ಆಮೇಲೆ ಠಾಣೆಗೆ ಹೋದರೆ ಬೇಕಾಗುವುದು ಅದೇ.

ಈ ದಾರಿಯ ಖರ್ಚು ಮಾತ್ರ ಸಣ್ಣದಲ್ಲ. ಕನಿಷ್ಠ ಮೂರು ಜನ ಅಡ್ಮಿನ್, ಯಾರಿಗೆ ಯಾವಾಗ ಎಚ್ಚರಿಕೆ ಕೊಡಲಾಯಿತೆಂಬ ಒಂದು ಸಣ್ಣ ದಾಖಲೆ, ದೂರು ಕೇಳಲು ತಿಂಗಳಿಗೊಮ್ಮೆಯಾದರೂ ಕುಳಿತುಕೊಳ್ಳುವ ವ್ಯವಧಾನ ಇವಿಷ್ಟೂ ಬೇಕು. ಇವಿಲ್ಲದೆ ಎರಡು ಪುಟದ ನಿಯಮಾವಳಿ ಬರೆದರೆ, ಅದು ಜಗಳಗಂಟರ ಕೈಗೆ ಕೊಟ್ಟ ಆಯುಧವಾಗುತ್ತದೆ: ಕಲಮು ಸಂಖ್ಯೆ ಹಿಡಿದು ವಾದಿಸುವವರು ಹುಟ್ಟಿಕೊಳ್ಳುತ್ತಾರೆ, ಉಳಿದವರು ಓದುವುದೇ ಇಲ್ಲ. ನೀರು ಬಳಕೆದಾರರ ಸಹಕಾರ ಸಂಘದಂತೆ ಈಗಾಗಲೇ ಪದಾಧಿಕಾರಿಗಳು, ಸಭೆಗಳು ಇರುವಲ್ಲಿ ಈ ದಾರಿ ಹಿಡಿಯಿರಿ. ಇಲ್ಲದಿದ್ದರೆ ಎರಡನೇ ದಾರಿಯ ನಾಲ್ಕು ಸಾಲಿಗೆ ಮೆಟ್ಟಿಲುಗಳ ಒಂದು ಸಾಲನ್ನು ಸೇರಿಸಿಕೊಳ್ಳುವುದು ಜಾಣತನ.

ಬಾಯಿ ಕಟ್ಟುವ ದಾರಿ

ಅಡ್ಮಿನ್‌ಗಳು ಮಾತ್ರ ಬರೆಯುವ ಗುಂಪು ಚರ್ಚೆಯ ಗುಂಪಲ್ಲ, ಅದು ಡಂಗುರ. ಡಂಗುರಕ್ಕೂ ಅದರ ಹೊತ್ತಿದೆ: ಕಾಲುವೆಗೆ ನೀರು ಬಿಡುವ ದಿನ, ಗೇಜಿನ ಅಳತೆ (ಕಾಲುವೆಯಲ್ಲಿನ ನೀರಿನ ಮಟ್ಟ), ನದಿಗೆ ನೀರು ಬಿಟ್ಟಾಗಿನ ಎಚ್ಚರಿಕೆ ಇವುಗಳಿಗೆ ಚರ್ಚೆ ಬೇಕಿಲ್ಲ, ನಿಖರತೆ ಬೇಕು. ಆದ್ದರಿಂದ ಪ್ರಕಟಣೆಗೊಂದು ಮುಚ್ಚಿದ ಗುಂಪು, ಮಾತಿಗೊಂದು ತೆರೆದ ಗುಂಪು ಎಂದು ಎರಡು ಮಾಡುವುದು ಕಾಲುವೆಯ ರೈತರಿಗೆ ಒಳ್ಳೆಯ ಏರ್ಪಾಡು. ಇಡೀ ಗುಂಪನ್ನು ಕಾಯಂ ಮುಚ್ಚಿದರೆ ಮಾತು ನಿಲ್ಲುವುದಿಲ್ಲ, ನಿಮಗೆ ಕಾಣದ ಇನ್ನೊಂದು ಗುಂಪಿಗೆ ಹೋಗುತ್ತದೆ. ಜಗಳ ಕೈ ಮೀರಿದ ರಾತ್ರಿ ಕೆಲವು ಗಂಟೆ ಮುಚ್ಚಿ ಬೆಳಿಗ್ಗೆ ತೆರೆಯುವುದು ಬೇರೆ ಮಾತು. ಅದನ್ನು ಯಾವ ದಾರಿಯವರೂ ಬಳಸಬಹುದು.

ಕೇಸಿನ ಭಯ

ಹಲವು ಅಡ್ಮಿನ್‌ಗಳು ಗುಂಪು ಮುಚ್ಚುವುದು ಪೊಲೀಸ್ ಕೇಸಿನ ಭಯಕ್ಕೆ. ಯಾರೋ ಹಾಕಿದ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿಯೂ, ಕೇರಳ ಹೈಕೋರ್ಟ್ 2022ರಲ್ಲಿಯೂ ಹೇಳಿವೆ. ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿಯೇ ರದ್ದುಪಡಿಸಿದೆ. ಆದರೆ ಅಡ್ಮಿನ್ ತಾವೇ ಫಾರ್ವರ್ಡ್ ಮಾಡಿದ್ದಕ್ಕೆ, ಹಾಕಿದವನೊಡನೆ ಸೇರಿ ಉದ್ದೇಶಪೂರ್ವಕವಾಗಿ ಮಾಡಿದ್ದಕ್ಕೆ ಈ ರಕ್ಷಣೆ ಅನ್ವಯಿಸುವುದಿಲ್ಲ, ಮತ್ತು ವಿಚಾರಣೆಗೆ ಠಾಣೆಗೆ ಕರೆಯುವುದನ್ನೂ ಇದು ತಪ್ಪಿಸುವುದಿಲ್ಲ. ಬರೆದ ನಿಯಮ, ಅಳಿಸಿದ ದಾಖಲೆ ಇದ್ದರೆ ಅಂಥ ವೇಳೆ ಹೇಳಲು ನಿಮ್ಮ ಬಳಿ ಏನಾದರೂ ಇರುತ್ತದೆ. ಈ ಲೆಕ್ಕದಲ್ಲಿ ಮೊದಲ ದಾರಿ ತೀರಾ ದುರ್ಬಲ.

ನಿಯಮ ಮಾಡುವವರು ಯಾರು

ಅಡ್ಮಿನ್ ಒಬ್ಬರೇ ಬರೆದು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಒಪ್ಪಿಗೆ ಹುಟ್ಟುವುದಿಲ್ಲ. ಗುಂಪಿನಲ್ಲಿ ಮತ ಹಾಕಿಸಬಹುದು, ಆದರೆ ವಾಟ್ಸ್‌ಆ್ಯಪ್‌ನ ಪೋಲ್‌ನಲ್ಲಿ ಯಾರು ಯಾವುದಕ್ಕೆ ಮತ ಹಾಕಿದರೆಂಬುದು ಎಲ್ಲರಿಗೂ ಕಾಣುತ್ತದೆ. ಗೌಡರು ಮೊದಲು ಮತ ಹಾಕಿದ ಮೇಲೆ ಅವರ ಹೊಲವನ್ನೇ ಗುತ್ತಿಗೆಗೆ ಮಾಡುವವನು ಬೇರೆಯದಕ್ಕೆ ಬೆರಳೊತ್ತುವನೆಂದು ನಂಬುವುದು ಕಷ್ಟ. ಟೆಲಿಗ್ರಾಂನಲ್ಲಿ ಗುಪ್ತ ಮತದಾನದ ಅನುಕೂಲವಿದೆ. ಅದಿಲ್ಲದ ಕಡೆ, ಕರಡನ್ನು ಹಾಕಿ ಒಂದು ವಾರ ಖಾಸಗಿಯಾಗಿ ಆಕ್ಷೇಪ ಕಳಿಸಲು ಬಿಡುವುದು, ಸಾಧ್ಯವಾದರೆ ಸೊಸೈಟಿಯ ಕಚೇರಿಯಲ್ಲೋ ಗುಡಿಯ ಕಟ್ಟೆಯಲ್ಲೋ ಒಮ್ಮೆ ಕುಳಿತು ಓದಿ ಹೇಳುವುದು ಉತ್ತಮ. ಬೇರೆ ಗುಂಪಿನ ನಿಯಮವನ್ನು ನಕಲು ಮಾಡುವವರೂ ಇದ್ದಾರೆ. ಅದರಲ್ಲಿ ಭತ್ತದ ಚೀಲದ ಸಾಲು ಇರುವುದಿಲ್ಲ, ನಿಮಗೆ ಬೇಡದ ಹತ್ತು ಸಾಲುಗಳಿರುತ್ತವೆ.

ಇಷ್ಟನ್ನು ತೂಗಿದ ಮೇಲೆ ಆಯ್ಕೆ ಕಷ್ಟವಾಗಬಾರದು. ಪರಿಚಿತರೇ ಇರುವ ಐವತ್ತರೊಳಗಿನ ಗುಂಪು ಮೊದಲ ದಾರಿಯಲ್ಲಿ ಉಳಿಯಲಿ. ಬಡಾವಣೆಯ ಗುಂಪಿಗೆ, ಓದುವವರ ಗುಂಪಿಗೆ ನಾಲ್ಕೈದು ಸಾಲು ಮತ್ತು ಮೆಟ್ಟಿಲುಗಳ ಒಂದು ಸಾಲು. ಓದುವವರು ಟೆಲಿಗ್ರಾಂನಲ್ಲಿ, ಬಡಾವಣೆಯವರು ಎಲ್ಲರ ಫೋನಿನಲ್ಲೂ ಇರುವ ವಾಟ್ಸ್‌ಆ್ಯಪ್‌ನಲ್ಲಿ. ಹಲವು ಊರುಗಳನ್ನು ದಾಟಿ ಹೋಗುವ ಕಾಲುವೆಯ ಗುಂಪಿಗೆ ಪ್ರಕಟಣೆ ಬೇರೆ, ಚರ್ಚೆ ಬೇರೆ, ಸಂಘದ ಪದಾಧಿಕಾರಿಗಳ ಬೆಂಬಲವಿದ್ದರೆ ಪೂರ್ಣ ನಿಯಮಾವಳಿ. ಆ ಗುಂಪಿನ ಮೂವರು ಅಡ್ಮಿನ್‌ಗಳಲ್ಲಿ ಒಬ್ಬರಾದರೂ ಕಾಲುವೆಯ ಕೊನೆ ಭಾಗದವರಾಗಿರಬೇಕು. ಅಡ್ಮಿನ್‌ಗಳಲ್ಲೇ ಒಬ್ಬರು ನಿಯಮ ಮುರಿದಾಗ ಅವರ ಸಂದೇಶವನ್ನು ಉಳಿದಿಬ್ಬರಲ್ಲಿ ಒಬ್ಬರು ಅಳಿಸುವರು ಎಂಬುದನ್ನು ಗುಂಪಿನ ವಿವರಣೆಯಲ್ಲಿ ಮೊದಲ ದಿನವೇ ಬರೆದಿಡಿ. ನಿಯಮ ಮುರಿದಾದ ಮೇಲೆ ಬರೆಯಲು ಹೊರಟರೆ ಅದು ಒಬ್ಬರ ವಿರುದ್ಧ ಮಾಡಿದ ನಿಯಮವಾಗಿ ಕಾಣುತ್ತದೆ.